ಐದು ಸೆಮಿಸ್ಟರಿನ ಆರ್ಯಭಟರು

ಮೂರು ಮತ್ತು ನಾಲ್ಕು ಯಾವಾಗ ಸಮ ಎಂದು ಗಣಿತದ ಮೇಷ್ಟ್ರನ್ನು ಕೇಳಬೇಡಿ. ‘ಯಾವತ್ತೂ ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಪಾಪ, ಲೋಕಜ್ಞಾನ ಕಡಿಮೆ. ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಅಲ್ಲಿನ ಲೆಕ್ಕದ ಪ್ರಕಾರ 2021ರ ಆಗಸ್ಟ್‌ವರೆಗೆ ಡಿಗ್ರಿ ಎಂದರೆ ಮೂರು ವರ್ಷ. ಆಮೇಲೆ ಆನರ್ಸ್ ಸೇರಿ ನಾಲ್ಕು. 2024ರ ಮೇ ತಿಂಗಳಿಂದ ಮತ್ತೆ ಮೂರು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕಾಲೇಜುಗಳಲ್ಲಿ ದೇಶಕ್ಕೇ ಮೊದಲು ಜಾರಿಗೆ ತಂದವರು ನಾವು, ತಂದಷ್ಟೇ ಹುರುಪಿನಿಂದ ಕಿತ್ತು ಹಾಕಿದವರೂ ನಾವೇ. ನಡುವೆ ಆದದ್ದು ಇಷ್ಟೇ, 2023ರಲ್ಲಿ ಒಂದು ಚುನಾವಣೆ. ಗಣಿತದಲ್ಲಿ ಪ್ರಮೇಯವನ್ನು ಸಾಧಿಸಿ ತೋರಿಸಬೇಕು. ಇಲ್ಲಿ ಬಹುಮತ ಸಾಬೀತಾದರೆ ಪ್ರಮೇಯವೂ ಸಾಬೀತಾದಂತೆ.

ನಾವು ನಾಲ್ಕನ್ನು ಕೈಬಿಟ್ಟ ವರ್ಷವೇ, ಜುಲೈನಲ್ಲಿ, ಕೇರಳ ಅದನ್ನು ಎತ್ತಿಕೊಂಡಿತು. ಹಾಗಾಗಿ ಮಂಗಳೂರಿನಲ್ಲಿ ರೈಲು ಹತ್ತಿ ಕಾಸರಗೋಡಿನಲ್ಲಿ ಇಳಿಯುವಷ್ಟರಲ್ಲಿ ಬಿ.ಎಸ್ಸಿ. ಗಣಿತ ಒಂದು ವರ್ಷ ಉದ್ದವಾಗಿರುತ್ತದೆ. ಸುಮಾರು ಐವತ್ತು ಕಿಲೋಮೀಟರಿಗೆ ಒಂದು ವರ್ಷ. ಈ ದರದಲ್ಲಿ ತಿರುವನಂತಪುರ ಮುಟ್ಟುವ ಹೊತ್ತಿಗೆ ಪಾಂಡವರ ವನವಾಸವೇ ಮುಗಿದಿರಬೇಕು.

ಈ ರೋಗ ನಮ್ಮಿಂದ ಶುರುವಾದದ್ದಲ್ಲ. ದೆಹಲಿ ವಿಶ್ವವಿದ್ಯಾಲಯ 2013ರಲ್ಲೇ ನಾಲ್ಕು ವರ್ಷದ ಪದವಿ ತಂದಿತ್ತು. ಆಗ ಕುಲಪತಿಯಾಗಿದ್ದ ದಿನೇಶ್ ಸಿಂಗ್ ಸ್ವತಃ ಗಣಿತದ ಪ್ರಾಧ್ಯಾಪಕರು. ಎಣಿಕೆ ತಪ್ಪುವ ಆಸಾಮಿಯಲ್ಲ. ಎಲ್ಲರೂ ಓದಬೇಕಿದ್ದ ಬುನಾದಿ ಪೇಪರುಗಳಲ್ಲಿ ‘ಬಿಲ್ಡಿಂಗ್ ಮ್ಯಾಥಮೆಟಿಕಲ್ ಎಬಿಲಿಟಿ’ ಎಂಬುದೂ ಒಂದು. ಗಣಿತದಲ್ಲೇ ಆನರ್ಸ್ ಮಾಡಲು ಬಂದವರು ಕೂಡ ಅದನ್ನು ಓದಿ ತಮಗೆ ಗಣಿತದ ಸಾಮರ್ಥ್ಯವಿದೆ ಎಂದು ಖಾತ್ರಿಪಡಿಸಿಕೊಳ್ಳಬೇಕಿತ್ತು. ಒಂದು ತಂಡ ಒಂದು ವರ್ಷ ಓದಿ ಮುಗಿಸುವಷ್ಟರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಯಿತು, 2014ರ ಜೂನ್‌ನಲ್ಲಿ ಯುಜಿಸಿ ಗದರಿಸಿತು, ನಾಲ್ಕು ಮೂರಾಯಿತು. ಹಾಗೆ ಗದರಿಸಿದ ಕಾಲದ ಸರ್ಕಾರವೇ 2020ರ ಜುಲೈ 29ರಂದು ಹೊಸ ನೀತಿಗೆ ಒಪ್ಪಿಗೆ ಕೊಟ್ಟು, ನಾಲ್ಕು ವರ್ಷವೇ ಶ್ರೇಷ್ಠ ಎಂದಿತು. 2022ರಲ್ಲಿ ದೆಹಲಿ ವಿಶ್ವವಿದ್ಯಾಲಯ ತಾನು ಎಂಟು ವರ್ಷ ಹಿಂದೆ ಇಳಿದ ಬಸ್ಸನ್ನು ಮತ್ತೆ ಹತ್ತಿತು. ಆ ಒಂದು ವರ್ಷದ ಪ್ರಯೋಗಕ್ಕೆ ಸಿಕ್ಕಿಬಿದ್ದ ಮಕ್ಕಳಿಗೆ ಯಾವ ಕ್ರೆಡಿಟ್ಟೂ ಸಿಗಲಿಲ್ಲ ಎನ್ನುವಂತಿಲ್ಲ, ಅನುಭವ ಸಿಕ್ಕಿತು.

ಈಗ ಷರತ್ತುಗಳಿಗೆ ಬರೋಣ. ಯುಜಿಸಿಯ 2022ರ ಚೌಕಟ್ಟಿನಲ್ಲಿ 120 ಕ್ರೆಡಿಟ್ ಗಳಿಸಿದವರಿಗೆ ಮೂರು ವರ್ಷದ ಸಾದಾ ಡಿಗ್ರಿ, 160 ಗಳಿಸಿದವರಿಗೆ ನಾಲ್ಕು ವರ್ಷದ ಆನರ್ಸ್. ಆನರ್ಸಿಗೆ ಮೇಲೊಂದು ಮಹಡಿ ಇದೆ, ‘ಆನರ್ಸ್ ವಿತ್ ರಿಸರ್ಚ್’. ಅಲ್ಲಿಗೆ ಏರಲು ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಅಂಕ ಬೇಕು. ಏರಿದ ಮೇಲೆ 12 ಕ್ರೆಡಿಟ್ಟಿನ ಸಂಶೋಧನಾ ಪ್ರಬಂಧ ಬರೆಯಬೇಕು. ಸಂಶೋಧನೆ ಒಲ್ಲದವರು ಅದರ ಬದಲಿಗೆ ಮೂರು ಪೇಪರ್ ಓದಿದರೆ ಸಾಕು. ಒಂದು ಸಂಶೋಧನೆಗೆ ಮೂರು ಪೇಪರ್ ಸಮ ಎಂಬ ಈ ಸಮೀಕರಣ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಡ್ತಿಯ ಅಂಕಕ್ಕಾಗಿ ಒಂದೇ ಸಂಶೋಧನೆಯನ್ನು ಮೂರು ಪೇಪರಾಗಿ ಹೆಚ್ಚುವ ಪ್ರಾಧ್ಯಾಪಕರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಬೇಡವಾದವರಿಗೆ ಬಾಗಿಲುಗಳೂ ಉಂಟು. ಒಂದು ವರ್ಷಕ್ಕೆ ಹೊರಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ; ಹೊರಡುವ ಮುನ್ನ ಬೇಸಿಗೆಯಲ್ಲಿ ನಾಲ್ಕು ಕ್ರೆಡಿಟ್ಟಿನ ಕಸುಬಿನ ತರಬೇತಿ. ಪ್ಲಂಬಿಂಗಿನಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಇರುವವನು ನಲ್ಲಿ ಸರಿಮಾಡುತ್ತಾನೆ, ಒಪ್ಪೋಣ. ಗಣಿತದಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಹಿಡಿದವನು ಏನು ಸರಿಮಾಡುತ್ತಾನೆ? ಅವನಿಗೆ ಲಿಮಿಟ್ ಗೊತ್ತು, ಅದು ಯಾಕೆ ಬೇಕು ಎಂಬುದು ಎರಡನೇ ವರ್ಷದ ಪಾಠ. ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡ ಅಂಗಡಿಯವನು ಯಾರಾದರೂ ಇದ್ದರೆ ಅವನ ಲೆಕ್ಕದ ಪುಸ್ತಕ ನೋಡುವ ಕುತೂಹಲ ನನಗಿದೆ.

ಶೇ 75ರ ವಿಚಾರ ಇನ್ನೂ ಸೊಗಸು. ನಮ್ಮ ಡಿಗ್ರಿ ಪರೀಕ್ಷೆಯಲ್ಲಿ ಗಣಿತಕ್ಕೆ ಅಂಕ ಬರುವ ದಾರಿ ಯಾವುದೆಂದು ಪಿಸಿಎಂ ಓದಿದ ಪ್ರತಿಯೊಬ್ಬರಿಗೂ ಗೊತ್ತು. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ತೆಗೆಯಿರಿ, ಪದೇ ಪದೇ ಬಂದ ಥಿಯರಮ್ಮುಗಳಿಗೆ ನಕ್ಷತ್ರ ಹಾಕಿ, ‘ಲೆಟ್’ನಿಂದ ‘ಹೆನ್ಸ್ ಪ್ರೂವ್ಡ್’ವರೆಗೆ ಬೈಹಾರ್ಟ್ ಮಾಡಿ. ಲಗ್ರಾಂಜನ ಪ್ರಮೇಯವನ್ನು ಹನುಮಾನ್ ಚಾಲೀಸಾದಷ್ಟು ಶುದ್ಧವಾಗಿ ಒಪ್ಪಿಸುವ ಮಕ್ಕಳು ನಮ್ಮಲ್ಲಿದ್ದಾರೆ. ಪ್ರಶ್ನೆಯಲ್ಲಿ ‘ಎ’ ಇದ್ದ ಕಡೆ ‘ಸಿ’ ಎಂದು ಬರೆದರೆ ಮಾತ್ರ ಹಾಲ್‌ನಲ್ಲಿ ಗುಜುಗುಜು ಶುರುವಾಗುತ್ತದೆ. ಈ ದಾರಿಯಲ್ಲಿ ಹೋದವರಿಗೆ 85 ಬರುತ್ತದೆ. ಒಂದು ಲೆಕ್ಕಕ್ಕೆ ಸಿಕ್ಕಿಹಾಕಿಕೊಂಡು, ಅದು ಯಾಕೆ ಹೀಗೆ ಎಂದು ತಿಂಗಳುಗಟ್ಟಲೆ ಹಾಳೆ ಹಾಳು ಮಾಡಿದ ಹುಡುಗ ಉಳಿದ ಅಧ್ಯಾಯ ಓದದೆ 62ಕ್ಕೆ ನಿಲ್ಲುತ್ತಾನೆ. ಸಂಶೋಧನೆಯ ಬಾಗಿಲಲ್ಲಿ ನಿಂತ ಜರಡಿ 85ನ್ನು ಒಳಗೆ ಬಿಟ್ಟು 62ನ್ನು ಆಚೆ ಹಾಕುತ್ತದೆ. ಸಂಶೋಧನೆ ಎಂದರೆ ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಕೂರುವುದು ಎಂಬ ಸಂಗತಿ ಜರಡಿ ಹಿಡಿದವರಿಗೆ ಯಾರೂ ಹೇಳಿದಂತಿಲ್ಲ.

ಆ ಸರಾಸರಿಯೊಳಗೆ ಬರೀ ಗಣಿತವೂ ಇರುವುದಿಲ್ಲ. ನಮ್ಮ ರಾಜ್ಯದ 2021ರ ಪಠ್ಯಕ್ರಮದಲ್ಲಿ ಗಣಿತದ ಹುಡುಗನಿಗೆ ಎರಡು ಭಾಷೆ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ, ಪರಿಸರ ಅಧ್ಯಯನ, ಸಂವಿಧಾನ, ಯೋಗ, ಕ್ರೀಡೆ ಎಲ್ಲ ಇದ್ದವು. ಒಂದೊಂದೂ ಒಳ್ಳೆಯದೇ. ಸಂವಿಧಾನ ಓದದ ಗಣಿತಜ್ಞ ನಮಗೆ ಬೇಡ. ಆದರೆ ಇಷ್ಟೂ ಒಳ್ಳೆಯದನ್ನು ತುಂಬಿದ ಮೇಲೆ ವೇಳಾಪಟ್ಟಿಯಲ್ಲಿ ಗಣಿತಕ್ಕೆ ಉಳಿದದ್ದು ಶನಿವಾರ ಮಧ್ಯಾಹ್ನ, ಹುಡುಗರು ಊರಿನ ಬಸ್ಸು ಹಿಡಿಯುವ ಹೊತ್ತು.

ವಿದ್ಯಾರ್ಥಿಯ ಅರ್ಹತೆ ಆಯಿತು, ವಿಭಾಗದ ಅರ್ಹತೆ ನೋಡಿ. ಸಂಶೋಧನೆ ಸಹಿತ ಆನರ್ಸ್ ಕೊಡುವ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶಕರೆಂದು ಮಾನ್ಯತೆ ಪಡೆದ ಕಾಯಂ ಅಧ್ಯಾಪಕರು ಕನಿಷ್ಠ ಇಬ್ಬರು ಇರಬೇಕು ಎನ್ನುತ್ತದೆ ನಿಯಮ. ಗ್ರಂಥಾಲಯ, ಜರ್ನಲ್ಲು, ಕಂಪ್ಯೂಟರ್ ಲ್ಯಾಬು ಬೇರೆ. ಇದು ನ್ಯಾಯವಾದ ಷರತ್ತು, ನಾನು ನಗುತ್ತಿಲ್ಲ. ನಗು ಬರುವುದು ಆ ಷರತ್ತನ್ನು ಕೈಯಲ್ಲಿ ಹಿಡಿದುಕೊಂಡು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸ್ಟಾಫ್ ರೂಮಿಗೆ ಹೋದಾಗ. ಅಲ್ಲಿ ಗಣಿತಕ್ಕೆ ಕಾಯಂ ಮೇಷ್ಟ್ರು ಒಬ್ಬರು. ಅವರೇ ಪರೀಕ್ಷಾ ಸಂಚಾಲಕರು, ಅವರೇ ನ್ಯಾಕ್ ಸಂಯೋಜಕರು, ಎನ್‌ಎಸ್‌ಎಸ್ ಅಧಿಕಾರಿ, ಚುನಾವಣೆ ಬಂದಾಗ ಸೆಕ್ಟರ್ ಅಧಿಕಾರಿ. ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. ಕಾಯಂ ಮಾಡಿ ಎಂದು 2023ರ ಕೊನೆಯಲ್ಲಿ ಬೀದಿಗೆ ಇಳಿದಿದ್ದರು. ಅತಿಥಿಗಳು ಹದಿನೈದು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾರೆ, ಮನೆಯವರದೇ ಸುಳಿವಿಲ್ಲ.

ಮನೆಯವರನ್ನು ಕರೆಸುವ ಪ್ರಯತ್ನ ಆಗಿಲ್ಲ ಎನ್ನಬೇಡಿ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಧಿಸೂಚನೆ ಬಂತು, 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು, ಆದೇಶ ಕೈಸೇರಲು ವರ್ಷಗಳೇ ಹಿಡಿದವು. ಆನರ್ಸ್ ಓದಲು ಬಂದ ತಂಡ ಮೇಷ್ಟ್ರಿಗಿಂತ ಬೇಗ ಮುಂದೆ ಹೋಗುತ್ತಿತ್ತು. ನೀತಿ ಹಿಂದೆ ಹೋದ ಮೇಲೂ 2021, 2022, 2023ರಲ್ಲಿ ಸೇರಿದವರಿಗೆ ಬೇಕಿದ್ದರೆ ನಾಲ್ಕನೇ ವರ್ಷ ಓದಿ ಎಂದು ಅವಕಾಶ ಉಳಿಸಿದರು. ಹಾಗಾಗಿ 2024ರಲ್ಲಿ ಒಂದೇ ಕಾರಿಡಾರಿನಲ್ಲಿ ಹಳೆ ನೀತಿಯ ದೊಡ್ಡ ತರಗತಿ, ಹೊಸ ನೀತಿಯ ಚಿಕ್ಕ ತರಗತಿ, ಅದಕ್ಕೂ ಹಿಂದಿನ ಸ್ಕೀಮಿನ ರಿಪೀಟರುಗಳು. ಎರಡು ಸರ್ಕಾರ, ಮೂರು ಸಿಲಬಸ್, ಒಬ್ಬ ಮೇಷ್ಟ್ರು. ಅವರನ್ನು ‘ಯಾವ ವರ್ಷದ ಪಾಠ ಸಾರ್ ಇವತ್ತು?’ ಎಂದು ಕೇಳಿದರೆ ‘ಯಾವ ಸರ್ಕಾರದ್ದು ಕೇಳ್ತಿದೀಯಪ್ಪ?’ ಎನ್ನುವುದು ಸಹಜ.

ಇಷ್ಟು ಸಾಲದೆಂದು 2024ರ ನವೆಂಬರ್‌ನಲ್ಲಿ ಯುಜಿಸಿ ವೇಗದ ಪದವಿಗೆ ಒಪ್ಪಿಗೆ ಕೊಟ್ಟಿತು. ಜಾಣ ಮಕ್ಕಳು ಮೂರು ವರ್ಷದ ಡಿಗ್ರಿಯನ್ನು ಐದು ಸೆಮಿಸ್ಟರಿನಲ್ಲಿ ಮುಗಿಸಬಹುದು, ನಾಲ್ಕು ವರ್ಷದ್ದನ್ನು ಆರೋ ಏಳೋ ಸೆಮಿಸ್ಟರಿನಲ್ಲಿ. ಮಂಜೂರಾದ ಸೀಟುಗಳಲ್ಲಿ ಶೇ 10ರವರೆಗೆ ಈ ಓಟಗಾರರಿಗೆ. ಮೊದಲನೆಯದೋ ಎರಡನೆಯದೋ ಸೆಮಿಸ್ಟರ್ ಮುಗಿದಾಗ ಅರ್ಜಿ ಹಾಕಬೇಕು, ಸಮಿತಿಯೊಂದು ಕೂತು ಯಾರಿಗೆ ಓಡುವ ಶಕ್ತಿ ಇದೆ ಎಂದು ನೋಡುತ್ತದೆ. ಓಡಲಾರದವರಿಗೆ ವಿಸ್ತೃತ ಪದವಿಯೂ ಇದೆ, ಎರಡು ಸೆಮಿಸ್ಟರ್ ಹೆಚ್ಚು. ಅದಕ್ಕೆ ಸೀಟಿನ ಮಿತಿ ಇಟ್ಟಿಲ್ಲ. ನಿಯಮ ಬರೆದವರಿಗೆ ದೇಶದ ಪರಿಚಯ ಇಲ್ಲ ಎನ್ನುವವರು ಈ ಕೊನೆಯ ಸಾಲನ್ನು ಓದಬೇಕು.

ಲೆಕ್ಕ ಮಾಡಿ. ಆರು ಸೆಮಿಸ್ಟರಿಗೆ 120 ಕ್ರೆಡಿಟ್ ಎಂದರೆ ತಲಾ 20. ಐದಕ್ಕಾದರೆ 24. ಒಂದು ಕ್ರೆಡಿಟ್ಟಿಗೆ ವಾರಕ್ಕೆ ಒಂದು ಗಂಟೆ ಪಾಠವಾದರೆ, ವಾರಕ್ಕೆ ನಾಲ್ಕು ಗಂಟೆ ಹೆಚ್ಚು ಕೂತವನು ಅರ್ಧ ವರ್ಷ ಮೊದಲೇ ಗಣಿತಜ್ಞ. ಕಾಗದದ ಮೇಲೆ ಇದು ತಪ್ಪಿಲ್ಲ. ತೊಂದರೆ ಏನೆಂದರೆ ಗಣಿತದ ಪೇಪರುಗಳು ಅಕ್ಕಪಕ್ಕ ನಿಲ್ಲುವಂಥವಲ್ಲ, ಒಂದರ ಹೆಗಲ ಮೇಲೊಂದು ನಿಲ್ಲುವಂಥವು. ರಿಯಲ್ ಅನಾಲಿಸಿಸ್ ಅರಗದೆ ಕಾಂಪ್ಲೆಕ್ಸ್ ಅನಾಲಿಸಿಸ್ ಹತ್ತಿರ ಹೋಗುವ ಹಾಗಿಲ್ಲ. ಗ್ರೂಪ್ ಗೊತ್ತಿಲ್ಲದೆ ರಿಂಗ್ ತೊಡುವ ಹಾಗಿಲ್ಲ. ಐದನೇ ಸೆಮಿಸ್ಟರಿನ ಪೇಪರನ್ನು ಮೂರನೆಯದರಲ್ಲೇ ಓದುತ್ತೇನೆ ಎನ್ನುವ ಹುಡುಗಿಗೆ ನಾಲ್ಕನೆಯದನ್ನು ಯಾರು, ಯಾವಾಗ ಹೇಳಿಕೊಟ್ಟರು? ಎಪ್ಸಿಲಾನ್ ಡೆಲ್ಟಾ ತಲೆಗೆ ಇಳಿಯಲು ಕೆಲವರಿಗೆ ಒಂದು ಸಂಜೆ ಸಾಕು, ಕೆಲವರಿಗೆ ಎಂ.ಎಸ್ಸಿ. ಮುಗಿದು ತಾವೇ ಪಾಠ ಮಾಡಲು ನಿಂತ ದಿನ ಹೊಳೆಯುತ್ತದೆ. ನಿಜವಾದ ಜಾಣರು ಒಮ್ಮೊಮ್ಮೆ ಈ ಎರಡನೇ ಗುಂಪಿನಲ್ಲಿರುತ್ತಾರೆ, ಯಾಕೆಂದರೆ ಅವರಿಗಷ್ಟೇ ಅದು ಅರ್ಥವಾಗಿಲ್ಲ ಎಂಬುದು ಅರ್ಥವಾಗಿರುತ್ತದೆ.

ಶೇ 10ರ ಲೆಕ್ಕ ಇನ್ನೊಂದು. ಒಂದು ಕಾಲೇಜಿದೆ ಎಂದಿಟ್ಟುಕೊಳ್ಳೋಣ (ಗಣಿತದಲ್ಲಿ ಹೀಗೆ ಇಟ್ಟುಕೊಳ್ಳುವುದಕ್ಕೆ ಯಾರ ಅನುಮತಿಯೂ ಬೇಡ). ಗಣಿತಕ್ಕೆ ಮಂಜೂರಾದ ಸೀಟು 60, ಸೇರಿದವರು ನಾಲ್ವರು. ಬಿಸಿಎ, ಬಿಕಾಂ ಕಡೆ ಜಾತ್ರೆ. ಇಲ್ಲಿ ನಾಲ್ವರು, ಅವರಲ್ಲೊಬ್ಬ ಪೊಲೀಸ್ ಪರೀಕ್ಷೆ ಬರೆಯುತ್ತಿದ್ದಾನೆ. ನಿಯಮದ ಪ್ರಕಾರ ಆರು ಮಂದಿಯನ್ನು ವೇಗದ ಪದವಿಗೆ ಆರಿಸಬಹುದು. ತರಗತಿಯಲ್ಲಿ ಇರುವವರಿಗಿಂತ ಇಬ್ಬರು ಹೆಚ್ಚು ಪ್ರತಿಭಾವಂತರು. ವರದಿಯಲ್ಲಿ ಶೇ 150 ಸಾಧನೆ ಎಂದು ತೋರಿಸಲು ಅಡ್ಡಿಯೇನೂ ಇಲ್ಲ.

ವಿಸ್ತೃತ ಪದವಿಗಂತೂ ನಮ್ಮ ವಿಶ್ವವಿದ್ಯಾಲಯಗಳು ಯಾರ ಅರ್ಜಿಗೂ ಕಾದವಲ್ಲ. ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಫಲಿತಾಂಶ ಅದಕ್ಕಿಂತ ಮುಂದಕ್ಕೆ ಹೋಗುತ್ತದೆ, ಮೂರನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಬರುವ ಹೊತ್ತಿಗೆ ಐದನೆಯದರ ಹಾಲ್ ಟಿಕೆಟ್ ಬಂದಿರುತ್ತದೆ. ಜಾಣ, ದಡ್ಡ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ವಿಸ್ತರಣೆ. ಸಮಾನತೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಸಂಸ್ಥೆಗಳು ದೇಶದಲ್ಲಿ ಬೇರೆ ಇಲ್ಲ.

ಅದೇ ಹೊತ್ತಿಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ, ಬಿ.ಮ್ಯಾಥ್ ಆನರ್ಸ್ ಎಂಬ ಪದವಿ ಸದ್ದಿಲ್ಲದೆ ನಡೆದುಕೊಂಡು ಬಂದಿದೆ. ಹೆಸರಿನಲ್ಲಿ ಆನರ್ಸ್ ಇದೆ, ಅವಧಿ ಮೂರು ವರ್ಷ. ಊರಿನ ಇನ್ನೊಂದು ತುದಿಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರುಮಾಡಿದ ಬಿ.ಎಸ್. ಪದವಿ ನಾಲ್ಕು ವರ್ಷದ್ದು. ಎರಡು ಕಡೆಯೂ ಒಳ್ಳೆಯ ಗಣಿತ ಕಲಿಯುತ್ತಾರೆ. ಆನರ್ಸಿನ ಘನತೆಗೆ ನಾಲ್ಕನೇ ವರ್ಷ ಬೇಕೇ ಬೇಕು ಎನ್ನುವವರು, ಬೇಡವೇ ಬೇಡ ಎನ್ನುವವರು, ಇಬ್ಬರೂ ಒಂದು ದಿನ ಮೆಟ್ರೊ ಹತ್ತಿ ಈ ಎರಡು ಆವರಣ ಸುತ್ತಿ ಬರಬಹುದಿತ್ತು. ಸಾಂಖ್ಯಿಕ ಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಟಿಕ್ ಹಾಕುವುದು, ಇನ್ನೊಂದು ಪತ್ರಿಕೆಯಲ್ಲಿ ಉತ್ತರ ಯಾಕೆ ಸರಿ ಎಂದು ಬರೆದು ತೋರಿಸುವುದು. ಒಳಗೆ ಬರುವ ಮೊದಲೇ ‘ಯಾಕೆ’ ಎಂದು ಕೇಳುತ್ತಾರೆ. ನಾವು ಆರು ಸೆಮಿಸ್ಟರ್ ಆದ ಮೇಲೂ ‘ಎಷ್ಟು’ ಎಂದು ಕೇಳುತ್ತೇವೆ.

ಅಂಕದ ಹುಚ್ಚಿನಲ್ಲಿ ನಾವು ಒಬ್ಬರೇ ಅಲ್ಲ, ಆನರ್ಸಿನ ತವರುಮನೆಗೂ ಅದು ಹಿಡಿದಿತ್ತು. ಕೇಂಬ್ರಿಜ್‌ನ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲು ಬಂದವನು ಸೀನಿಯರ್ ರ‍್ಯಾಂಗ್ಲರ್; ಆನರ್ಸಿನಲ್ಲಿ ಎಲ್ಲರಿಗಿಂತ ಕೆಳಗೆ ಪಾಸಾದವನಿಗೆ ಗೆಳೆಯರು ಆಳೆತ್ತರದ ಮರದ ಸೌಟು ಉಡುಗೊರೆ ಕೊಡುತ್ತಿದ್ದರು. ಟ್ಯೂಷನ್ನಿಗೆ ಹೋಗಿ, ಲೆಕ್ಕಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದನ್ನು ರೂಢಿಮಾಡಿಕೊಂಡವರು ಮೇಲೆ ಬರುತ್ತಿದ್ದರು. ಅದರಲ್ಲಿ 1898ರಲ್ಲಿ ನಾಲ್ಕನೆಯವನಾಗಿ ಬಂದ ಜಿ. ಎಚ್. ಹಾರ್ಡಿ, ಈ ಕುದುರೆ ಜೂಜಿನಿಂದ ಗಣಿತಕ್ಕೆ ಕೇಡು ಎಂದು ಹಠ ಹಿಡಿದು ಜಗಳವಾಡಿದ. 1909ರ ನಂತರ ಕ್ರಮಾಂಕ ಓದುವುದು ನಿಂತಿತು, ಸೌಟೂ ನಿಂತಿತು. ಇಂಗ್ಲಿಷರು ಬಿಟ್ಟದ್ದನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡ ನಾವು ಈ ಸೌಟನ್ನು ಯಾಕೆ ಬಿಟ್ಟೆವೋ. ನ್ಯಾಕ್ ತಂಡ ಬಂದಾಗ ಊಟ ಬಡಿಸಲಾದರೂ ಆಗುತ್ತಿತ್ತು.

ಗಣಿತದ ಬರಹದಲ್ಲಿ ರಾಮಾನುಜನ್ ಬರದಿದ್ದರೆ ಎಲೆಗೆ ಉಪ್ಪಿನಕಾಯಿ ಬಡಿಸಿಲ್ಲವೆಂದು ದೂರು ಬರುತ್ತದೆ, ಹಾಗಾಗಿ ಚೂರು ಬಡಿಸಿ ಮುಂದೆ ಹೋಗುತ್ತೇನೆ. ಕುಂಭಕೋಣದ ಕಾಲೇಜಿನಲ್ಲಿ ಗಣಿತ ಬಿಟ್ಟು ಉಳಿದದ್ದರಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. 1916ರಲ್ಲಿ ಕೇಂಬ್ರಿಜ್ ಅವರ ಸಂಶೋಧನೆಯನ್ನೇ ನೋಡಿ ಬಿ.ಎ. ಪದವಿ ಕೊಟ್ಟಿತು. ನಮ್ಮ ಈಗಿನ ನಿಯಮಗಳಲ್ಲಿ ಅವರು ಸಂಶೋಧನೆ ಸಹಿತ ಆನರ್ಸಿಗೆ ಅರ್ಹರಲ್ಲ, ವೇಗದ ಪದವಿಗೂ ಅಲ್ಲ. ವಿಸ್ತೃತ ಪದವಿಗೆ ಪರಿಗಣಿಸಬಹುದು.

ನನಗೆ ಹೆಚ್ಚು ಪ್ರೀತಿ ಕಾಪ್ರೇಕರ್ ಮೇಲೆ. ಭಾರತದಿಂದ ಹೋಗಿ ಮೊದಲ ಬಾರಿಗೆ, 1899ರಲ್ಲಿ, ಸೀನಿಯರ್ ರ‍್ಯಾಂಗ್ಲರ್ ಆದ ರಘುನಾಥ ಪರಾಂಜಪೆ ಪುಣೆಗೆ ಮರಳಿ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದರು. ಅವರ ಕಾಲದಲ್ಲಿ ಧಾರವಾಡದ ಹುಡುಗರು ಆ ಕಾಲೇಜಿಗೆ ಹೋಗುತ್ತಿದ್ದರು. 1918ರಲ್ಲಿ ಅಲ್ಲಿಂದ ಬಿ.ಎ. ಮಾಡಿ ಬಂದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರಿಗೆ ಮುಂದೆ ಅಂಕಿಗಳ ಮರುಳು ಹಿಡಿದ ಕಥೆ ನಮಗೆಲ್ಲ ಗೊತ್ತು. ಅದೇ ಕಾಲೇಜಿನಲ್ಲಿ 1927ರಲ್ಲಿ ಪರಾಂಜಪೆ ಹೆಸರಿನ ಗಣಿತ ಬಹುಮಾನ ಪಡೆದವರು ಇನ್ನೊಬ್ಬ ದತ್ತಾತ್ರೇಯ ರಾಮಚಂದ್ರ, ಕಾಪ್ರೇಕರ್. ಸಾದಾ ಪದವಿ ಪಡೆದು ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾದರು. ಎಂ.ಎಸ್ಸಿ. ಇಲ್ಲ, ಪಿಎಚ್.ಡಿ. ಇಲ್ಲ, ಮಾರ್ಗದರ್ಶಕರು ಇಬ್ಬರಿರಲಿ ಒಬ್ಬರೂ ಇಲ್ಲ. ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡುತ್ತ ಹೋಗಿ. ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲುತ್ತೀರಿ. ಇದನ್ನು ಅವರು ಕಂಡುಕೊಂಡದ್ದು 1949ರಲ್ಲಿ.

ನಮ್ಮ ನೀತಿಯ ವರ್ಷಗಳನ್ನೇ ಹಾಕಿ ನೋಡೋಣ. 2021: 2210ರಲ್ಲಿ 0122 ಕಳೆದರೆ 2088; 8820ರಲ್ಲಿ 0288 ಕಳೆದರೆ 8532; 8532ರಲ್ಲಿ 2358 ಕಳೆದರೆ 6174. ಮೂರೇ ಹೆಜ್ಜೆ. ಇನ್ನು 2024: 4220ರಲ್ಲಿ 0224 ಕಳೆದರೆ 3996, ಅಲ್ಲಿಂದ 6264, 4176, ಕೊನೆಗೆ 6174. ನಾಲ್ಕು ಹೆಜ್ಜೆ. ಅಂದರೆ 2021ಕ್ಕೆ ಮೂರು, 2024ಕ್ಕೆ ನಾಲ್ಕು ಎಂದು ಕಾಪ್ರೇಕರ್ ಲೆಕ್ಕ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಎರಡು ಸರ್ಕಾರಗಳು 2021ರಲ್ಲಿ ನಾಲ್ಕು, 2024ರಲ್ಲಿ ಮೂರು ಎಂದವು. ತಜ್ಞರ ಮಾತನ್ನು ಪಕ್ಷಭೇದವಿಲ್ಲದೆ ಧಿಕ್ಕರಿಸುವ ನಮ್ಮ ಪರಂಪರೆ ಇಲ್ಲೂ ಮುಕ್ಕಾಗಿಲ್ಲ. ದೆಹಲಿಯವರು ನಾಲ್ಕು ವರ್ಷವನ್ನು ಹಿಂದಕ್ಕೆ ಪಡೆದ 2014ಕ್ಕೆ ಎಷ್ಟು ಹೆಜ್ಜೆ ಎಂದು ನೀವೇ ಮಾಡಿ ನೋಡಿ: ಏಳು. ನಡುವೆ ಬಿಟ್ಟು ಹೋಗಿ ಮರಳಿ ಬರುವವರು ಪದವಿ ಮುಗಿಸಲು ಯುಜಿಸಿ ಕೊಟ್ಟ ಗರಿಷ್ಠ ಗಡುವೂ ಏಳು ವರ್ಷ. ಜ್ಯೋತಿಷ್ಯವನ್ನು ನಂಬದ ನಾನೂ ಇಲ್ಲಿ ಸ್ವಲ್ಪ ಬೆದರಿದೆ.

ಜ್ಯೋತಿಷ್ಯ ಎಂದಾಗ ನೆನಪಾಯಿತು. 2025ರ ಆಗಸ್ಟ್‌ನಲ್ಲಿ ಯುಜಿಸಿ ಒಂಬತ್ತು ವಿಷಯಗಳ ಪದವಿ ಪಠ್ಯದ ಕರಡು ಹೊರಡಿಸಿತು, ಅದರಲ್ಲಿ ಗಣಿತವೂ ಒಂದು. ಕಾಲಗಣನೆ, ಭಾರತೀಯ ಬೀಜಗಣಿತ, ಪಂಚಾಂಗ, ಘಟಿ, ವಿಘಟಿ ಎಲ್ಲ ಅದರಲ್ಲಿದ್ದವು. ಬುನಾದಿಯಾಗಬೇಕಿದ್ದ ಬೀಜಗಣಿತ, ಅನಾಲಿಸಿಸ್‌ಗಳೇ ಇಕ್ಕಟ್ಟಿಗೆ ಸಿಕ್ಕಿವೆ, ಈ ಕರಡು ವಾಪಸು ತೆಗೆದುಕೊಳ್ಳಿ ಎಂದು 900ಕ್ಕೂ ಹೆಚ್ಚು ಗಣಿತಜ್ಞರು, ಸಂಶೋಧಕರು ಸಹಿ ಹಾಕಿ ಬರೆದರು. ಒಂಬೈನೂರು ಗಣಿತಜ್ಞರು ಒಂದು ಮಾತಿಗೆ ಒಪ್ಪಿದ್ದೇ ಒಂದು ಪ್ರಮೇಯ. ನನಗೆ ಮಾತ್ರ ಘಟಿಯ ಆಡಳಿತಾತ್ಮಕ ಪ್ರಯೋಜನ ಥಟ್ಟನೆ ಹೊಳೆಯಿತು. ಒಂದು ಘಟಿ ಎಂದರೆ 24 ನಿಮಿಷ. ಮೇಷ್ಟ್ರಿಲ್ಲದೆ 60 ಗಂಟೆಯ ಪೇಪರಿನಲ್ಲಿ 24 ಗಂಟೆ ಮಾತ್ರ ಪಾಠವಾಗಿದ್ದರೆ ಗಾಬರಿ ಬೇಡ. ಅದನ್ನೇ 60 ಘಟಿ ಎಂದು ಬರೆದು ಸಿಲಬಸ್ ಪೂರ್ಣ ಎಂದು ಸಹಿ ಮಾಡಬಹುದು.

ತಪ್ಪು ತಿಳಿಯಬೇಡಿ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ವನ್ನು ಗಣಿತದ ಮಕ್ಕಳು ಓದಲೇಬೇಕು ಎನ್ನುವವನು ನಾನು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅವನು ಆಗಲೇ ಹೇಳಿದ್ದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಒಂಬೈನೂರು ವರ್ಷ ಕಳೆದ ಮೇಲೆ ಬಿ.ಎಸ್ಸಿ. ಹುಡುಗನಿಗೆ ಕನ್ನಡದಲ್ಲಿ ಒಂದು ಸರಿಯಾದ ಲೀನಿಯರ್ ಆಲ್ಜೀಬ್ರಾ ಪುಸ್ತಕ ಹುಡುಕಿಕೊಡಿ ನೋಡೋಣ. ಪ್ರಾಚೀನರ ಮೇಲೆ ಅಭಿಮಾನ ಇಟ್ಟುಕೊಳ್ಳುವುದು ಪುಸ್ತಕ ಬರೆಸುವುದಕ್ಕಿಂತ ಅಗ್ಗ, ಟೆಂಡರ್ ಕರೆಯಬೇಕಿಲ್ಲ.

ಈಗ ಆ ನಾಲ್ವರ ತರಗತಿಗೆ ವಾಪಸು ಬರುತ್ತೇನೆ. ಅದರಲ್ಲೊಬ್ಬಳು ನಿಜವಾಗಿಯೂ ಜಾಣೆ ಎಂದು ಇಟ್ಟುಕೊಳ್ಳೋಣ. ವೇಗದ ಪದವಿ ನಮ್ಮ ವಿಶ್ವವಿದ್ಯಾಲಯಕ್ಕೂ ಬಂತು ಎಂದೂ ಇಟ್ಟುಕೊಳ್ಳೋಣ. ಅವಳ ಅಪ್ಪ ಬಿಳಿ ಪಂಚೆ ಸರಿಮಾಡಿಕೊಂಡು ಪ್ರಿನ್ಸಿಪಾಲರ ಚೇಂಬರಿಗೆ ಬಂದಿದ್ದಾರೆ.

‘ನಮ್ ಮಗೀಗೆ ಅರ್ಧ ವರ್ಷ ಉಳಿಯುತ್ತಂತಲ್ಲ ಸಾರ್, ಗಣಿತದ ಮೇಷ್ಟ್ರು ಹೇಳುದ್ರು.’

‘ಕೂತ್ಕೊಳ್ಳಿ ಯಜಮಾನ್ರೇ. ಉಳಿಯುತ್ತೆ. ಅರ್ಜಿ ಹಾಕ್ಸಿ. ಎರಡನೇ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಜೊತೆ.’

‘ಅದು ಇನ್ನೂ ಬಂದಿಲ್ವಲ್ಲ ಸಾರ್, ಈಗ ನಾಲ್ಕನೇದು ನಡೀತಾ ಅದೆ.’

‘ಬರುತ್ತೆ. ಬಂದ ಮೇಲೆ ಸಮಿತಿ ಮಾಡ್ಬೇಕು. ಸಮಿತಿಗೆ ವಿಷಯ ತಜ್ಞರು ಬೇಕು.’

‘ಗಣಿತದ ಮೇಷ್ಟ್ರು ಅವ್ರಲ್ಲ?’

‘ಅವ್ರು ಅತಿಥಿ. ಸಹಿ ಮಾಡೋ ಹಂಗಿಲ್ಲ.’

‘ಕಾಯಂ ಮೇಷ್ಟ್ರು?’

‘ಅವರು ಮತದಾರರ ಪಟ್ಟಿ ಪರಿಷ್ಕರಣೆಗೆ ಹೋಗಿದ್ದಾರೆ.’

ಅರ್ಜಿ ಸ್ವೀಕೃತವಾಯಿತು, ಸ್ವೀಕೃತಿಗೆ ಠಸ್ಸೆ ಬಿತ್ತು. ವಿಷಯ ತಜ್ಞರನ್ನು ನಾಮನಿರ್ದೇಶನ ಮಾಡಲು ಕೋರಿ ವಿಶ್ವವಿದ್ಯಾಲಯಕ್ಕೆ ಪತ್ರ ಹೋಯಿತು; ಯಾವ ನೀತಿಯಡಿ ಕೋರಿದ್ದೀರಿ ಎಂದು ಸ್ಪಷ್ಟನೆ ಕೇಳಿ ವಾಪಸು ಬಂತು. ಸ್ಪಷ್ಟನೆ ಕೊಟ್ಟರು. ಹುಡುಗಿ ಈ ನಡುವೆ ಗ್ರಂಥಾಲಯದಲ್ಲಿದ್ದ ಒಂದೇ ಒಂದು ಆಲ್ಜೀಬ್ರಾ ಪುಸ್ತಕವನ್ನು ತಾನೇ ಓದಿ ಮುಗಿಸಿ, ಅದರಲ್ಲಿ ಎರಡು ಮುದ್ರಣದೋಷ ಕಂಡುಹಿಡಿದು ಪೆನ್ಸಿಲ್ಲಿನಲ್ಲಿ ತಿದ್ದಿಟ್ಟಳು. ಪುಸ್ತಕ ಹಾಳು ಮಾಡಿದ್ದಕ್ಕೆ ಗ್ರಂಥಪಾಲಕರು ಐವತ್ತು ರೂಪಾಯಿ ದಂಡ ಹಾಕಿದರು. ಸಮಿತಿ ಕೊನೆಗೂ ಸಭೆ ಸೇರಿತು. ನಡಾವಳಿ ಪುಸ್ತಕದಲ್ಲಿ ಹೀಗಿದೆ:

‘ವಿಷಯ ಸಂಖ್ಯೆ 7: ವೇಗವರ್ಧಿತ ಪದವಿ ಕೋರಿ ಗಣಿತ ವಿಭಾಗದ ವಿದ್ಯಾರ್ಥಿನಿ ಸಲ್ಲಿಸಿರುವ ಅರ್ಜಿಯ ಕುರಿತು. ಸದರಿ ವಿದ್ಯಾರ್ಥಿನಿಯು ಈಗಾಗಲೇ ಆರು ಸೆಮಿಸ್ಟರ್‌ಗಳನ್ನು ಪೂರೈಸಿ ಉತ್ತೀರ್ಣರಾಗಿರುವುದನ್ನು ಸಭೆಯು ಗಮನಿಸಿತು. ಅರ್ಜಿಯನ್ನು ಪುರಸ್ಕರಿಸಲಾಗಿದ್ದು, ಕಡತವನ್ನು ಮುಕ್ತಾಯಗೊಳಿಸಲಾಗಿದೆ. ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು. ಲಘು ಉಪಾಹಾರದ ವೆಚ್ಚ ರೂ. 480ಕ್ಕೆ ಘಟನೋತ್ತರ ಅನುಮೋದನೆ ನೀಡಲಾಯಿತು.’